ಅಚ್ಚೊತ್ತದ ಬಿಳಿ

ಎಡೋ, ಶಿತಾಯಾ
ತೆನ್ಪೋ ಹದಿಮೂರನೆಯ ವರ್ಷ, ಹತ್ತನೆಯ ತಿಂಗಳು, ಮೂರನೆಯ ದಿನ

ಹಿಮದ ಹೊಟ್ಟೆಯೊಳಗೆ ಹೋಗಿ ಕೂತಿರುವ ನನ್ನ ಒಬ್ಬಳೇ ತಂಗಿ ಒತೋಸೆಗೆ, ಎಡೋ ಪಟ್ಟಣದ ಅಚ್ಚುಹಲಗೆ ಕೆತ್ತುವವರಲ್ಲೆಲ್ಲ ಅತಿ ದೊಡ್ಡ ಗಂಟಲುಳ್ಳ ನಿನ್ನ ಅಣ್ಣ ತೋಮೆಗೊರೊ ಕೂಗಿ ಹೇಳುವುದೇನೆಂದರೆ: ಬದುಕಿದ್ದೇನೆ!

ಬದುಕಿದ್ದೇನೆ ಸರಿ, ಹೇಗೆ ಬದುಕಿದ್ದೇನೆ ಕೇಳು. ಸರ್ಕಾರದವರು ನಾಟಕಶಾಲೆಗಳನ್ನೆಲ್ಲ ಎತ್ತಿ ಊರಾಚೆ ಗದ್ದೆಯ ಬದಿಗೆ ಎಸೆದರು. ಇನ್ನು ಮೇಲೆ ನಟರ ಚಿತ್ರವನ್ನು ಯಾರೂ ಅಚ್ಚು ಹಾಕಕೂಡದಂತೆ. ಇಪ್ಪತ್ತು ವರ್ಷ ನಟರ ಹುಬ್ಬು ಕೆತ್ತಿದ ಕೈ ಇದು! ವೀರನ ಹುಬ್ಬು, ಖಳನ ಹುಬ್ಬು, ಕೊನೆಯ ಅಂಕದಲ್ಲಿ ಮಗನ ತಲೆ ನೋಡಿದ ತಂದೆಯ ಹುಬ್ಬು! ಈಗ ಏನು? ಗುಡ್ಡ. ಸೇತುವೆ. ಮತ್ತೊಂದು ಗುಡ್ಡ. ಗುಡ್ಡಕ್ಕೆ ಹುಬ್ಬು ಇರುತ್ತದೇನೇ ತಂಗಿ?

ಇರಲಿ. ವಿಷಯಕ್ಕೆ ಬರುತ್ತೇನೆ. ನಿನ್ನೆ ಚಿತ್ರದಂಗಡಿಯ ಯಜಮಾನ ಬಂದು ನನ್ನ ಚಾಪೆಯ ಮೇಲೆ ಕೂತ.

"ತೋಮೆ, ನಿನ್ನ ತಂಗಿ ಗಂಡ ಯಾಸೊಜಿ ಇದಾನಲ್ಲ, ಎಚಿಗೊ ಕಡೆಗೆ ಓಡಿಹೋದೋನು. ಇನ್ನೂ ಕುಂಚ ಹಿಡೀತಾನೋ, ಬರೀ ಸಾಕೆ ಹೆಂಡದ ಬುಂಡೆ ಹಿಡೀತಾನೋ?"

"ಎರಡೂ ಹಿಡೀತಾನೆ ಯಜಮಾನ್ರೆ. ದೇವರು ಎರಡು ಕೈ ಕೊಟ್ಟಿದಾನಲ್ಲ."

ನಗಲಿಲ್ಲ ಆ ಮನುಷ್ಯ. ಹೊಸ ವರ್ಷದ ಹೊತ್ತಿಗೆ ಅವನಿಗೆ ಒಂದು ಹಿಮದ ಚಿತ್ರ ಬೇಕು. ಎಡೋದ ಹಿಮ ನೋಡಿ ನೋಡಿ ಜನಕ್ಕೆ ಬೇಜಾರಾಗಿದೆ, ನಿಜವಾದ ಹಿಮದ ಸೀಮೆಯದ್ದೇ ಬೇಕಂತೆ. ಹನ್ನೊಂದನೆಯ ತಿಂಗಳ ನಡುವೆ ಚಿತ್ರ ನನ್ನ ಕೈಗೆ ಬಂದರೆ ಯಾಸೊಜಿಯ ಹೆಸರು ಮತ್ತೆ ಎಡೋದ ಅಂಗಡಿಗಳಲ್ಲಿ ತೂಗುತ್ತದೆ. ಬಾರದಿದ್ದರೆ ಬೇರೆಯವರಿಗೆ ಹೋಗುತ್ತದೆ, ಇನ್ನೆಂದೂ ಕೇಳುವುದಿಲ್ಲ ಅಂದ.

ಆರು ವರ್ಷದ ಹಿಂದೆ ಯಾಸೊಜಿ ನಿನ್ನನ್ನು ಕರೆದುಕೊಂಡು ಮಿಕುನಿ ಘಟ್ಟ ಹತ್ತಿದಾಗ ನಾನು ಆಡಿದ ಮಾತನ್ನೆಲ್ಲ ಮರೆಯಲು ಹೇಳು. ಅರ್ಧ ಮರೆತರೂ ಸಾಕು. ಚಿತ್ರ ಬರಲಿ. ಈ ತೋಮೆಗೊರೊನ ಉಳಿಯನ್ನು ಬಿಟ್ಟು ಬೇರೆ ಉಳಿ ಅದರ ಮೇಲೆ ಬೀಳುವುದಿಲ್ಲ!

ತೋಮೆಗೊರೊ


ಎಚಿಗೊ, ತೊಚಿನೊಸಾವ
ಹತ್ತನೆಯ ತಿಂಗಳು, ಇಪ್ಪತ್ತಾರನೆಯ ದಿನ

ಅಣ್ಣನಿಗೆ ಒತೋಸೆ ಮಾಡುವ ನಮಸ್ಕಾರ.

ನಿನ್ನ ಕಾಗದ ಓದುವಾಗ ಮನೆಯೊಳಗೆ ಯಾರೋ ಜೋರಾಗಿ ಮಾತಾಡಿದ ಹಾಗಾಯಿತು. ಇಲ್ಲಿ ಹಿಮ ಬಿದ್ದ ಮೇಲೆ ಸದ್ದು ಅನ್ನುವುದೇ ಇರುವುದಿಲ್ಲ. ಈ ಸಲ ಬೇಗ ಬಂದಿದೆ. ಹದಿನೆಂಟನೆಯ ತಾರೀಖಿಗೇ ಕಿಟಕಿಗಳು ಮುಚ್ಚಿಹೋದವು. ಹಗಲೂ ದೀಪ ಹಚ್ಚಿಕೊಂಡೇ ನೇಯುತ್ತೇನೆ.

ನಿನ್ನ ಮಾತು ಹೇಳಿದೆ. ಮರುದಿನ ಅವರು ಎದ್ದು ಮಸಿ ತೇದರು. ಆಮೇಲೆ ಬರೆದದ್ದೆಲ್ಲ ಒಲೆಗೆ ಹೋಗುತ್ತಿದೆ. ನಿನ್ನೆ ಕೇಳಿಯೇಬಿಟ್ಟೆ, ಚೆನ್ನಾಗೇ ಇತ್ತಲ್ಲ, ಯಾಕೆ ಸುಟ್ಟಿರಿ ಅಂತ.

"ಎಡೋದಲ್ಲಿದ್ದಾಗ ನಾನು ಬರೆದ ಹಿಮ ಎಲ್ಲಾ ಸುಳ್ಳು ಕಣೇ. ಹೂವಿನ ಥರ ಉದುರ್ತಿತ್ತು. ಇಲ್ಲಿ ಅದು ಉದುರಲ್ಲ, ಬಂದು ಕೂರುತ್ತೆ. ಕೂತಮೇಲೆ ಏಳಲ್ಲ. ಅದನ್ನ ಹೆಂಗೆ ಬರೆಯೋದು?" ಅಂದರು.

ಪಕ್ಕದ ಮನೆಯ ಹೆಯಿಸುಕೆಜ್ಜ ಮಾಡಿನ ಹಿಮ ತೆಗೆಯಲು ಬಂದವನು ಇದನ್ನು ಕೇಳಿಸಿಕೊಂಡು, "ಹಿಮಾನ ಬರೀತಾರೇನಯ್ಯಾ? ಎತ್ತಿ ಹಾಕ್ತಾರೆ! ಬಾ, ಸಲಿಕೆ ಹಿಡಿ. ಎಡೋ ಜನಕ್ಕೆ ಹಿಮ ಬೇಕಂದ್ರೆ ಹೇಳು, ನನ್ನ ಮಾಡಿನ ಮೇಲಿರೋದನ್ನ ಬುಟ್ಟಿ ತುಂಬಿ ಕಳಿಸ್ತೀನಿ" ಅಂದ. ಅವರು ನಕ್ಕರು. ತುಂಬ ದಿನದ ಮೇಲೆ ನಕ್ಕರು ಅಣ್ಣ.

ನಿನಗೆ ಒಂದು ಮಾತು ತಿಳಿಸಲು ಹೇಳಿದ್ದಾರೆ. ಹಿಮ ತೋರಿಸಲು ಚಿಪ್ಪಿನ ಬಿಳಿಪುಡಿ ಕಲಸಿ ಕುಂಚದಿಂದ ಚಿಮುಕಿಸುತ್ತೀರಲ್ಲ, ಅದು ಬೇಡವಂತೆ. ಬಿಳಿ ಅಂದರೆ ಕಾಗದ ಮಾತ್ರ. ಎಲ್ಲೆಲ್ಲಿ ಕಾಗದ ಬಿಟ್ಟಿದ್ದಾರೋ ಅಲ್ಲಿ ಯಾರೂ ಕೈ ಹಾಕಬಾರದಂತೆ.

ಒತೋಸೆ


ತೊಚಿನೊಸಾವ
ಹನ್ನೊಂದನೆಯ ತಿಂಗಳು, ಒಂಬತ್ತನೆಯ ದಿನ

ಅಣ್ಣ,

ಚಿತ್ರ ಕಳಿಸಿದ್ದೇನೆ. ಎಡೋಗೆ ಬಟ್ಟೆ ಹೊರುವ ಸೆಯಿರೊಕು ಬಾಗಿಲಲ್ಲೇ ನಿಂತು ಕಾಲು ಕುಟ್ಟುತ್ತಿದ್ದಾನೆ. "ಕೊಡೋದಿದ್ರೆ ಕೊಡಿ ಅಕ್ಕಾ, ಇವತ್ತು ಬಿಟ್ರೆ ಘಟ್ಟ ಯಾವಾಗ ಬಿಡುತ್ತೋ ಆ ದೇವರಿಗೇ ಗೊತ್ತು!" ಅಂತಿದ್ದಾನೆ. ಅವರು ಮನೆಯಲ್ಲಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಎಣ್ಣೆಕಾಗದದಲ್ಲಿ ಎರಡು ಸುತ್ತು ಸುತ್ತಿದ್ದೇನೆ. ಜೋಪಾನ.

ಒತೋಸೆ


ತೊಚಿನೊಸಾವ
ಹನ್ನೊಂದನೆಯ ತಿಂಗಳು, ಹದಿಮೂರನೆಯ ದಿನ

ಅಣ್ಣ,

ಕೆತ್ತಬೇಡ. ಹಲಗೆಗೆ ಅಂಟಿಸಲೇಬೇಡ. ನಿನ್ನ ಮನೆಯಲ್ಲಿ ಬೆಳೆದವಳು ನಾನು, ಒಮ್ಮೆ ಅಂಟಿಸಿದ ಮೇಲೆ ಚಿತ್ರ ಉಳಿಯುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಅವಸರವಾಗಿ ಬರೆಯುತ್ತಿದ್ದೇನೆ.

ಅದು ಮುಗಿದಿರಲಿಲ್ಲ. ಒಂಬತ್ತನೆಯ ತಾರೀಖು ಬೆಳಿಗ್ಗೆ ಅವರು ಹುಲ್ಲಿನ ಬೂಟು ಕಟ್ಟಿಕೊಳ್ಳುತ್ತಾ, "ಕೆಳಗಡೆ ಒಂದು ಜಾಗ ಬಾಕಿ ಇದೆ. ಸರಿಯಾಗಿ ನೋಡ್ಕೊಂಡು ಬಂದು ತುಂಬ್ತೀನಿ. ಸೆಯಿರೊಕು ಬಂದ್ರೆ ಕೂರಿಸು, ಬಿಸಿ ಏನಾದ್ರೂ ಕೊಡು" ಅಂದು ಹೋದರು. ನಾನು ಅವನನ್ನು ಕೂರಿಸಿದೆ. ಎರಡು ಬಟ್ಟಲು ಗಂಜಿ ಕೊಟ್ಟೆ. ಮೂರನೆಯದಕ್ಕೆ ಅವನು ಕೂರಲಿಲ್ಲ. ಈ ಅವಕಾಶ ತಪ್ಪಿದರೆ ಅವರು ಮತ್ತೆ ಕುಂಚ ಮುಟ್ಟುವುದಿಲ್ಲ ಅಂತ ಹೆದರಿ ನಾನೇ ಸುತ್ತಿ ಕೊಟ್ಟುಬಿಟ್ಟೆ.

ಹಿಮ ಜೋರಾಗಿದೆ. ಅವರು ಇನ್ನೂ ಬಂದಿಲ್ಲ. ದಾರಿಯಲ್ಲಿ ಯಾರ ಮನೆಯಲ್ಲೋ ಉಳಿದಿರಬೇಕು. ಬಂದ ಮೇಲೆ ಆ ಜಾಗದಲ್ಲಿ ಏನು ಬರಬೇಕೋ ಅವರೇ ಬರೆದು ಕಳಿಸುತ್ತಾರೆ. ಅಲ್ಲಿಯವರೆಗೆ ಅದನ್ನು ಎತ್ತಿಡು.

ಒತೋಸೆ


ಎಡೋ, ಶಿತಾಯಾ
ಹನ್ನೊಂದನೆಯ ತಿಂಗಳು, ಇಪ್ಪತ್ತನಾಲ್ಕನೆಯ ದಿನ

ಭಲಾ! ಭಳಿರೇ! ಯಾರಲ್ಲಿ, ಪರದೆ ಸರಿಸಿ! ದಾರಿ ಬಿಡಿ, ಯಾಸೊಜಿ ಮಹಾಶಯರು ರಂಗಕ್ಕೆ ಬರುತ್ತಿದ್ದಾರೆ!

ತಂಗೀ, ಸೆಯಿರೊಕು ಹದಿನೆಂಟಕ್ಕೆ ಬಂದ. ಎಣ್ಣೆಕಾಗದ ಬಿಚ್ಚಿ ಚಿತ್ರವನ್ನು ಚಾಪೆಯ ಮೇಲೆ ಹಾಸಿದೆ. ಅಚ್ಚುಗಾರ ಕುಮಾಜೊ ಪಕ್ಕದಲ್ಲಿದ್ದ. ಇಬ್ಬರೂ ಮಾತಿಲ್ಲದೆ ಕೂತೆವು. ನಾನು, ಮಾತಿಲ್ಲದೆ! ನಿನ್ನ ಅತ್ತಿಗೆ ಅಡುಗೆಮನೆಯಿಂದ ಓಡಿಬಂದು, "ಏನಾಯ್ತು ಇವರಿಗೆ?" ಅಂತ ನನ್ನ ಹಣೆ ಮುಟ್ಟಿ ನೋಡಿದಳು.

ಮೇಲೆ ಕಪ್ಪು ಆಕಾಶ. ಎಡಕ್ಕೆ ಬೆನ್ನು ಬಗ್ಗಿಸಿದ ಮೂರು ದೇವದಾರು. ಆಚೆ ಒಂದು ಬಾಗಿದ ಹೊಳೆ. ಮತ್ತೆ ಕೆಳಗೆ? ಏನೂ ಇಲ್ಲ! ಹಾಳೆಯ ಮೂರನೆಯ ಒಂದು ಭಾಗ ಬರಿಯ ಕಾಗದ! ಎಂಥ ಎದೆಗಾರಿಕೆ! ನಾವು ಹಿಮವನ್ನು ಎಂದೂ ಅಚ್ಚೊತ್ತುವವರಲ್ಲ, ಸುತ್ತಲಿನ ಎಲ್ಲವನ್ನೂ ಅಚ್ಚೊತ್ತಿ ಹಿಮಕ್ಕೆ ಜಾಗ ಬಿಡುವವರು. ಆದರೆ ಇಷ್ಟು ಜಾಗ ಬಿಟ್ಟ ಗಂಡಸನ್ನು ನಾನು ಕಂಡಿರಲಿಲ್ಲ. ಇಡೀ ನಾಟಕಶಾಲೆ ಕೂಗಾಡುತ್ತಿರುವಾಗ ನಾಯಕನೊಬ್ಬ ಸುಮ್ಮನೆ ನಿಂತುಬಿಡುತ್ತಾನಲ್ಲ, ಹಾಗೆ!

ಯಜಮಾನ ಮೊದಲು ಗೊಣಗಿದ. "ಕೆಳಗಡೆ ಏನೂ ಇಲ್ವಲ್ಲೋ ತೋಮೆ?"

"ಅದೇ ಹಿಮ ಯಜಮಾನ್ರೆ! ಅಲ್ಲಿ ನಿಂತ್ರೆ ನಿಮ್ಮ ಕುತ್ತಿಗೆವರೆಗೂ ಬರುತ್ತೆ!" ಅಂದೆ. ಒಪ್ಪಿಕೊಂಡ. ಸರ್ಕಾರದ ಪರೀಕ್ಷಕರ ಮುದ್ರೆಯೂ ಎರಡೇ ದಿನಕ್ಕೆ ಬಿತ್ತು.

ಮೊನ್ನೆ ಹಲಗೆಗೆ ಅಂಟಿಸಿದೆ. ಮುಖ ಕೆಳಗೆ ಮಾಡಿ ಅಂಟಿಸಿ, ಬೆನ್ನನ್ನು ಬೆರಳಿನಿಂದ ಉಜ್ಜಿ ತೆಳುಮಾಡಿ, ಎಣ್ಣೆ ಸವರಿದಾಗ ಗೆರೆಯೆಲ್ಲ ಎದ್ದು ಬಂತು ನೋಡು, ಕಣ್ಣಲ್ಲಿ ನೀರು ಬಂತು. ಎಣ್ಣೆ ಹಚ್ಚಿದ ಮೇಲೆ ಇನ್ನೊಂದೂ ಕಂಡಿತು, ಆ ಬಿಳಿಯ ನಡುವೆ ನೀರು ಮಸಿಯ ಎರಡು ಮೂರು ಸಣ್ಣ ಕಲೆ. ಕುಡಿದು ಕುಂಚ ಜಾರಿಸಿದ್ದಾನೆ, ನಿನ್ನ ಗಂಡ! ನಗು ಬಂತು. ಬಿಳಿಯನ್ನು ಅಗೆಯುವ ಕೆಲಸವನ್ನು ಸಾಮಾನ್ಯವಾಗಿ ಬೇರೆಯವರಿಗೆ ಕೊಡುತ್ತೇನೆ. ಇದನ್ನು ಮಾತ್ರ ನನ್ನ ಕೈಯಾರೆ ಅಗೆದು ನಯಮಾಡಿದೆ. ಒಂದು ಕೂದಲೆಳೆಯಷ್ಟೂ ಮರ ಉಳಿದಿಲ್ಲ. ಅವನ ಹಿಮಕ್ಕೆ ಒಂದು ಚುಕ್ಕೆಯೂ ತಗಲದು!

ಅಂದಹಾಗೆ, ಆ ಮಹಾಶಯರು ಒಂದು ಸಾಲು ಬರೆಯಲೂ ಆಗದಷ್ಟು ದೊಡ್ಡವರಾದರೋ? "ಮನೆಯಲ್ಲಿಲ್ಲ" ಅಂದೆಯಲ್ಲ, ಯಾವ ಸಾಕೆ ಅಂಗಡಿಯ ಬೆಂಚನ್ನು ಕಾಯುತ್ತಿದ್ದಾನೆ? ಕಿವಿ ಹಿಡಿದು ಎಳೆದು ತಂದು ಬರೆಸು.

ತೋಮೆಗೊರೊ


ಎಡೋ, ಶಿತಾಯಾ
ಹನ್ನೆರಡನೆಯ ತಿಂಗಳು, ಇಪ್ಪತ್ತನೆಯ ದಿನ

ಒತೋಸೆ,

ನಿನ್ನ ಹದಿಮೂರನೆಯ ತಾರೀಖಿನ ಕಾಗದ ಇವತ್ತು ಬಂತು. ಘಟ್ಟದ ಕೆಳಗಿನ ಛತ್ರದಲ್ಲಿ ಒಂದು ತಿಂಗಳು ಬಿದ್ದಿತ್ತಂತೆ. ತಂದವನನ್ನು ಬೈದೆ. ಅವನು ಕೈಬೆರಳು ತೋರಿಸಿದ, ಎರಡು ಬೆರಳು ಹಿಮಕ್ಕೆ ಕಪ್ಪಾಗಿದ್ದವು. ಬೈಗುಳ ನುಂಗಿಕೊಂಡು ಅನ್ನ ಹಾಕಿಸಿದೆ.

ತಡವಾಯಿತು ತಂಗಿ. ಕೆತ್ತಿಯಾಗಿದೆ. ಕುಮಾಜೊ ಅಚ್ಚೂ ಹಾಕಿದ್ದಾನೆ. ಅಂಗಡಿಯಲ್ಲಿ ತೂಗಿಬಿಟ್ಟಿದ್ದಾರೆ, ಜನ ನಿಂತು ನೋಡುತ್ತಿದ್ದಾರೆ. ಮುಗಿದಿಲ್ಲ ಅಂತ ಯಾರಿಗೆ ಗೊತ್ತಾಗುತ್ತದೆ? ನನಗೇ ಗೊತ್ತಾಗಲಿಲ್ಲ, ಈ ಉಳಿಗೆ ನಲವತ್ತು ವರ್ಷ ವಯಸ್ಸು. ಹಿಮದ ಚಿತ್ರದಲ್ಲಿ ಬಿಳಿ ಕಂಡರೆ ಕೆತ್ತುವವನು ಇನ್ನೇನೆಂದು ಓದಬೇಕು ಹೇಳು?

ದಾರಿ ಇಲ್ಲದಿಲ್ಲ. ಹಲಗೆಯಲ್ಲಿ ಆ ಜಾಗವನ್ನು ಚೌಕವಾಗಿ ಕೊರೆದು, ಹೊಸ ಮರದ ತುಂಡು ಬಡಿದು ಕೂರಿಸಿ, ಅದರ ಮೇಲೆ ಮತ್ತೆ ಕೆತ್ತಬಹುದು. ಪರೀಕ್ಷಕರ ಕಾಲು ನಾನು ಹಿಡಿಯುತ್ತೇನೆ. ಯಾಸೊಜಿ ಏನು ಬೇಕೋ ಬರೆದು ಕಳಿಸಲಿ, ದೋಣಿಯೋ ಮನುಷ್ಯನೋ ನರಿಯೋ.

ಈ ಕಾಗದದ ಜೊತೆ ಒಂದು ಪ್ರತಿ ಇಟ್ಟಿದ್ದೇನೆ, ಮೊದಲು ಅಚ್ಚಾದ ಹಾಳೆ ಅದು. ಅವನಿಗೆ ತೋರಿಸು. ಬೈದರೆ ಬೈಯಲಿ. ಬಂದನೇ ಅವನು?

ತೋಮೆಗೊರೊ


ತೊಚಿನೊಸಾವ
ತೆನ್ಪೋ ಹದಿನಾಲ್ಕು, ಮೊದಲನೆಯ ತಿಂಗಳು, ಇಪ್ಪತ್ತೆಂಟನೆಯ ದಿನ

ಅಣ್ಣ,

ನಿನ್ನ ಎರಡು ಕಾಗದಗಳೂ ಒಂದೇ ದಿನ ಬಂದವು. ಮೊದಲಿನದನ್ನು ಹೆಯಿಸುಕೆಜ್ಜನಿಗೆ ಓದಿ ಹೇಳಲು ಹೋದೆ, ಸಾಕೆ ಅಂಗಡಿಯ ಬೆಂಚಿನ ಮಾತು ಬಂದಾಗ ನಿಲ್ಲಿಸಿದೆ. ಅಜ್ಜ, "ಓದಮ್ಮಾ, ಆಮೇಲೆ?" ಅಂದ. "ಅಷ್ಟೇ ಅಜ್ಜ, ಮುಗೀತು" ಅಂದೆ.

ಅವರು ಬರಲಿಲ್ಲ. ಒಂಬತ್ತನೆಯ ತಾರೀಖು ಹೋದವರು ಬರಲೇ ಇಲ್ಲ. ಹದಿಮೂರಕ್ಕೆ ನಿನಗೆ ಬರೆದಾಗಲೇ ನಾಲ್ಕು ದಿನವಾಗಿತ್ತು, ಊರಿನ ಒಂಬತ್ತು ಜನ ಹುಡುಕಿ ಕೈಚೆಲ್ಲಿ ಬಂದು ನಮ್ಮ ಒಲೆಯ ಮುಂದೆ ಬೂಟು ಒಣಗಿಸುತ್ತಿದ್ದರು. ಆದರೂ ನಾನು ನಿನಗೆ ಹಾಗೆ ಬರೆದೆ. ಅವರು ಸತ್ತಿದ್ದಾರೆ ಅಂತ ಕಾಗದದ ಮೇಲೆ ನಾನೇ ಬರೆದರೆ ನಾನೇ ಮಾಡಿದ ಹಾಗಾಗುತ್ತದೆ ಅನ್ನಿಸಿತು. ಕಾಯುವವರು ಇರುವ ತನಕ ಚಿತ್ರ ಮುಗಿಯಬಾರದು ಅಂತಲೂ ಅನ್ನಿಸಿತು. ಅದಕ್ಕೇ ಕೆತ್ತಬೇಡ ಅಂದದ್ದು.

ಎಲ್ಲಿಗೆ ಹೋದರು ಅಂತ ಅಜ್ಜ ಕೇಳಿದಾಗ, ದೋಣಿಕಡವಿಗೆ ಅಂದೆ. ಮೂರು ದಿನದಿಂದ ಅವರ ಬಾಯಲ್ಲಿ ಆ ದೋಣಿಯದೇ ಮಾತು, ಹಿಮ ತುಂಬಿದ ದೋಣಿ ನೀರಿನಲ್ಲಿ ಹೇಗೆ ಕೂರುತ್ತದೆ ಅಂತ. ಒಂಬತ್ತು ಜನರೂ ಮೂರು ದಿನ ಹೊಳೆಯ ದಂಡೆಯನ್ನೇ ಬಿದಿರುಕೋಲಿನಿಂದ ಚುಚ್ಚಿ ನೋಡಿದರು. ಏನೂ ಸಿಗಲಿಲ್ಲ.

ನೀನು ಕಳಿಸಿದ ಪ್ರತಿಯನ್ನು ನೋಡಿದೆ. ಚೆನ್ನಾಗಿದೆ. ದೇವದಾರುಗಳ ಬಗ್ಗಿದ ಬೆನ್ನು ಅವರದೇ ಗೆರೆ, ನೀನು ಒಂದನ್ನೂ ಕೆಡಿಸಿಲ್ಲ.

ಒಂದು ಮಾತು ಕೇಳಬೇಕು. ಚಿತ್ರ ಸುತ್ತುವಾಗ ದೀಪದ ಬೆಳಕು ಸಾಲಲಿಲ್ಲ, ಸೆಯಿರೊಕು ಬಾಗಿಲಲ್ಲಿ ಕೂಗುತ್ತಿದ್ದ, ನಾನು ಸರಿಯಾಗಿ ನೋಡಲಿಲ್ಲ. ನೀನು ನಗುತ್ತಾ ಬರೆದಿದ್ದೆಯಲ್ಲ, ಬಿಳಿಯಲ್ಲಿ ಎರಡು ಮೂರು ಕಲೆ ಅಂತ. ಅವು ಹೇಗಿದ್ದವು ಅಣ್ಣ? ಮನೆಗೆ ಒಂದು ಹನಿ ಸಾಕೆ ಬಂದು ಎರಡು ತಿಂಗಳಾಗಿತ್ತು. ಅವರ ಕುಂಚ ಎಂದೂ ಜಾರುತ್ತಿರಲಿಲ್ಲ.

ಒತೋಸೆ


ಎಡೋ, ಶಿತಾಯಾ
ಎರಡನೆಯ ತಿಂಗಳು, ಇಪ್ಪತ್ತೊಂದನೆಯ ದಿನ

ಒತೋಸೆ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಬೆಂಚಿನ ಮಾತು ಬರೆದ ಕೈಯನ್ನು ಏನು ಮಾಡಲಿ ಹೇಳು. ಹನ್ನೆರಡನೆಯ ತಿಂಗಳ ಕಾಗದದಲ್ಲಿ ನರಿ ಅಂತ ಬೇರೆ ಬರೆದೆ. ನಿನ್ನ ಅತ್ತಿಗೆ ಮೂರು ದಿನದಿಂದ ಅಳುತ್ತಿದ್ದಾಳೆ, ನನಗೆ ಅನ್ನ ಬಡಿಸುತ್ತಾಳೆ, ಮುಖ ನೋಡುವುದಿಲ್ಲ.

ನೀನು ಕೇಳಿದ್ದಕ್ಕೆ ಹೇಳಬೇಕು. ಅವು ಕಲೆಗಳಾಗಿರಲಿಲ್ಲ. ನಿನ್ನ ಹದಿಮೂರರ ಕಾಗದ ಓದಿದ ಕ್ಷಣವೇ ನನಗೆ ಅರ್ಥವಾಗಿತ್ತು. ಆದರೂ ನಿನಗೆ ಬರೆಯಲಿಲ್ಲ, ತುಂಡು ಕೂರಿಸುತ್ತೇನೆ ಅಂತ ದೊಡ್ಡ ಮಾತಾಡಿ ಮುಚ್ಚಿಕೊಂಡೆ. ಕುಂಚದಿಂದ ಬಿದ್ದ ಹನಿಗೆ ಸುತ್ತ ಅಂಚು ಹರಡುತ್ತದೆ. ಇವಕ್ಕೆ ಅಂಚು ಹರಡಿರಲಿಲ್ಲ. ಒಂದು ಅಡ್ಡಗೀಟು, ಭತ್ತದ ಕಾಳನ್ನು ಮಲಗಿಸಿದಷ್ಟು. ಅದರ ಎಡತುದಿಯಲ್ಲಿ ಎರಡು ಸಣ್ಣ ಓರೆಗೀಟು. ಆಮೇಲೆ ಗಟ್ಟಿ ಮಸಿಯಲ್ಲಿ ತಿದ್ದಲು ಗುರುತು ಇಟ್ಟ ಗೀಟುಗಳು ಅವು. ನಲವತ್ತು ವರ್ಷ ಗೆರೆಯನ್ನೇ ತಿಂದು ಬದುಕಿದವನು ನಾನು, ಗೆರೆಗೂ ಹನಿಗೂ ವ್ಯತ್ಯಾಸ ನನ್ನ ಕಣ್ಣಿಗೆ ಕಂಡಿರಲೇಬೇಕು. ಆದರೆ ಆ ಬಿಳಿಯ ಮೇಲೆ ನನಗೆ ಅಷ್ಟು ಮೋಹ ಹುಟ್ಟಿಬಿಟ್ಟಿತ್ತು. ಅದು ಕೆಡಬಾರದು ಅಂತ ಉಳಿ ಇಟ್ಟು ಕೊಡತಿಯಿಂದ ಹೊಡೆದೆ. ಮೂರೇ ಏಟು.

ಚಕ್ಕೆ ಒಲೆಗೆ ಹೋಯಿತು.

ತೋಮೆಗೊರೊ


ತೊಚಿನೊಸಾವ
ಮೂರನೆಯ ತಿಂಗಳು, ಇಪ್ಪತ್ತೊಂಬತ್ತನೆಯ ದಿನ

ಅಣ್ಣ,

ಹಿಮ ಇಳಿಯಿತು. ಮೊನ್ನೆ ಅವರು ಸಿಕ್ಕಿದರು.

ಹೊಳೆಯ ಕಡೆ ಅಲ್ಲ. ನಮ್ಮ ಮನೆಯ ಹಿಂದಿನ ಏರಿನಲ್ಲಿ, ಅರ್ಧ ಎತ್ತರದಲ್ಲಿ, ಒಂದು ಬಂಡೆಗೆ ಒರಗಿ ಕೂತಿದ್ದರು. ಮನೆಯಿಂದ ಇನ್ನೂರು ಹೆಜ್ಜೆ ಇರಬಹುದು. ಸೊಪ್ಪು ಕೀಳಲು ಹೋದ ಹೆಂಗಸರು ನೋಡಿ ಕೂಗಿದರು. ಆ ಕೂಗು ನನಗೆ ನೇಯುವ ಜಾಗದಿಂದಲೇ ಕೇಳಿಸಿತು. ಅಷ್ಟು ಹತ್ತಿರ.

ಕಾಲು ಮುರಿದಿತ್ತು ಅಂದರು. ಮೇಲಿನಿಂದ ಹಿಮ ಜಾರಿ ಬಂದಿರಬೇಕು. ಕೂತಲ್ಲಿಂದ ಏಳಲು ಆಗಿಲ್ಲ. ಕೂಗಿರಬಹುದು. ಹಿಮ ಬೀಳುವಾಗ ಕೂಗು ಹತ್ತು ಹೆಜ್ಜೆ ಹೋಗುವುದಿಲ್ಲ, ಮತ್ತೆ ನಾನು ಮುಚ್ಚಿದ ಕಿಟಕಿಯೊಳಗೆ ಮಗ್ಗ ಬಡಿಯುತ್ತಿದ್ದೆ.

ಅಲ್ಲಿಗೆ ಯಾಕೆ ಹೋದರೋ ತಿಳಿಯದು. ಆ ಏರಿನ ಮೇಲೆ ಏನೂ ಇಲ್ಲ. ದಾರಿಯೂ ಇಲ್ಲ. ದಾರಿ ತಪ್ಪಿರಬೇಕು ಅಂತ ಹೆಯಿಸುಕೆಜ್ಜ ಹೇಳಿದ. ಆಮೇಲೆ, "ನಾವು ಆ ಕಡೆ ಒಂದು ಸಲ ಕೋಲು ಹಾಕಿದ್ದಿದ್ರೆ..." ಅಂದು ಹೊರಗೆ ಹೋದ. ಅವನಿಗೆ ಎಪ್ಪತ್ತೆರಡು ವರ್ಷ. ಕಡವಿನಲ್ಲಿ ಸೊಂಟದವರೆಗೆ ನೀರಿಗಿಳಿದು ಹುಡುಕಿದವನು ಅವನೇ.

ನೀನು ಬರೆದ ಮೂರು ಗೀಟನ್ನು ಒಲೆಯ ಬೂದಿಯಲ್ಲಿ ಬೆರಳಿನಿಂದ ಬರೆದು ನೋಡುತ್ತಿರುತ್ತೇನೆ. ಎಡತುದಿಯಲ್ಲಿ ಎರಡು ಓರೆಗೀಟಿರುವಂಥದ್ದು ಏನೂ ತೋಚುವುದಿಲ್ಲ. ದೋಣಿಯೂ ಅಲ್ಲ.

ನಿನ್ನ ಮೇಲೆ ಕೋಪವಿಲ್ಲ. ಕೋಪ ಮಾಡಲು ನೋಡಿದೆ. ಆಗಲಿಲ್ಲ.

ಒತೋಸೆ


ಎಡೋ, ಶಿತಾಯಾ
ನಾಲ್ಕನೆಯ ತಿಂಗಳು, ಇಪ್ಪತ್ತೇಳನೆಯ ದಿನ

ಒತೋಸೆ,

ಇದರೊಳಗೆ ಇನ್ನೊಂದು ಹಾಳೆ ಇದೆ. ಅದೇ ಚಿತ್ರ. ನೋಡಿದರೆ ಏನೂ ಬೇರೆ ಕಾಣದು. ಬಾಗಿಲ ಹತ್ತಿರ ಹೋಗಿ ಓರೆ ಬೆಳಕಿಗೆ ಹಿಡಿ. ಇಲ್ಲವೇ ಕಣ್ಣು ಮುಚ್ಚಿ ಬಿಳಿಯ ನಡುವೆ ಬೆರಳಾಡಿಸು.

ಆ ಗೀಟುಗಳನ್ನು ನನ್ನ ಕಣ್ಣು ತಪ್ಪಾಗಿ ಓದಿತು ನಿಜ, ಆದರೆ ಮರೆತಿಲ್ಲ. ಎಷ್ಟು ಉದ್ದ, ಎಷ್ಟು ಓರೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ ಎಲ್ಲವೂ ಕೈಯಲ್ಲಿದೆ. ಬೇರೆ ಸಣ್ಣ ಹಲಗೆಯ ಮೇಲೆ ಅವನ್ನು ಕೆತ್ತಿದೆ. ಕುಮಾಜೊ, "ಯಾವ ಮಸಿ ಹಾಕ್ಲಿ?" ಅಂತ ಕೇಳಿದ. "ಮಸಿ ಬೇಡ. ಕಾಗದ ಒದ್ದೆ ಮಾಡಿ, ಬರೀ ಒತ್ತು" ಅಂದೆ. ಅವನು ಮೊಣಕೈ ಊರಿ ಒತ್ತಿದ. ಬಿಳಿಯ ಮೇಲೆ ಬಿಳಿಯಾಗಿ ಎದ್ದಿದೆ. ಹೆಣ್ಣುವೇಷದ ನಟರ ಉಡುಪಿನ ನೇಯ್ಗೆ ತೋರಿಸಲು ಹಿಂದೆ ಹೀಗೆ ಮಾಡುತ್ತಿದ್ದೆವು.

ಒಂದೇ ಹಾಳೆ. ಯಜಮಾನನಿಗೆ ಗೊತ್ತಿಲ್ಲ.

ಅಲ್ಲಿ ಒಬ್ಬಳೇ ಇರಬೇಡ. ಇಲ್ಲಿಗೆ ಬಾ. ಅತ್ತಿಗೆ ನಿನಗೆ ಕೋಣೆ ತೆರವು ಮಾಡಿದ್ದಾಳೆ.

ಅಣ್ಣ


ತೊಚಿನೊಸಾವ
ಐದನೆಯ ತಿಂಗಳು, ಹದಿನಾರನೆಯ ದಿನ

ಅಣ್ಣ,

ಹಾಳೆ ಬಂತು. ಹೊಸ್ತಿಲಲ್ಲಿ ಕೂತು ಬೆಳಕಿಗೆ ಹಿಡಿದೆ. ಹಿಡಿದ ಕೂಡಲೇ ತಿಳಿಯಿತು.

ನೀನು ಎಡತುದಿ ಅಂತ ಬರೆದಿದ್ದೆ. ಎಡ ಅಲ್ಲ ಅಣ್ಣ, ಬಲ. ನೀನು ಅದನ್ನು ಕಂಡದ್ದು ಹಲಗೆಗೆ ಮುಖ ಕೆಳಗೆ ಮಾಡಿ ಅಂಟಿಸಿದ ಮೇಲೆ. ನಿನಗೆ ಜಗತ್ತೆಲ್ಲ ತಿರುವುಮುರುವಾಗಿಯೇ ಕಂಡು ಅಭ್ಯಾಸ, ಬರೆಯುವಾಗ ತಿರುಗಿಸಿ ಹೇಳಬೇಕೆಂದು ಹೊಳೆದಿಲ್ಲ. ಅಚ್ಚಾದ ಮೇಲೆ ಸರಿಯಾದ ಕಡೆಗೆ ಬಂದಿದೆ.

ಅದು ನಮ್ಮ ಮನೆ.

ಹಿಮ ತುಂಬಿದ ಮೇಲೆ ಇಲ್ಲಿ ಮನೆ ಅಂದರೆ ಮಾಡಿನ ನೆತ್ತಿ ಮಾತ್ರ, ಒಂದು ಅಡ್ಡಗೀಟು. ಅದರ ಬಲತುದಿಯಲ್ಲಿ ಹೊಗೆಗಂಡಿ. ಹೋದ ವರ್ಷ ಅದರ ಚಪ್ಪರ ಕುಸಿದಾಗ ಅವರು ಎರಡು ಬಿದಿರಿನ ಗಳು ಆಸರೆ ಕೊಟ್ಟು ಎತ್ತಿ ನಿಲ್ಲಿಸಿದ್ದರು. ಎದುರುಬದುರು ಕೊಡಬೇಕಾದ ಗಳುಗಳನ್ನು ಎರಡೂ ಒಂದೇ ಕಡೆಗೆ ವಾಲಿಸಿದ್ದರು. "ಏನಯ್ಯಾ ಇದು, ಎರಡು ಕುಡುಕರು ಒಟ್ಟಿಗೆ ಮನೆಗೆ ಹೊರಟಂಗಿದೆ!" ಅಂತ ಹೆಯಿಸುಕೆಜ್ಜ ಊರಿಗೆಲ್ಲ ಹೇಳಿ ನಗಿಸಿದ್ದ. ಈ ಊರಿನಲ್ಲಿ ಹಾಗೆ ವಾಲಿದ ಗಳುಗಳು ನಮ್ಮ ಮನೆಗೆ ಮಾತ್ರ ಇವೆ. ಮೇಲಿನ ಏರಿನಲ್ಲಿ ನಿಂತು ನೋಡಿದರೆ ಸರಿಯಾಗಿ ಹೀಗೇ ಕಾಣುತ್ತದೆ. ನಿನ್ನೆ ಹತ್ತಿ ಆ ಬಂಡೆಯ ಹತ್ತಿರ ನಿಂತು ನೋಡಿ ಬಂದೆ.

ಅವರು ದಾರಿ ತಪ್ಪಿರಲಿಲ್ಲ. ಮನೆಯನ್ನು ನೋಡಲು ಹೋಗಿದ್ದರು. ನಾನು ಒಳಗೆ ಒಲೆ ಉರಿಸುತ್ತಿದ್ದೆ, ಹೊಗೆ ಮೇಲೇಳುತ್ತಿತ್ತು. ಅವರಿಗೆ ಅದು ಕೊನೆಯವರೆಗೂ ಕಾಣುತ್ತಿತ್ತು.

ನಾನು ದೀಪ ಹತ್ತಿರ ತಂದು ಒಂದು ಸಲ ನೋಡಿದ್ದರೆ ಈ ಗೀಟು ನನಗೆ ಕಾಣುತ್ತಿತ್ತು. ಸೆಯಿರೊಕುವಿಗೆ ಕೊಡದೆ ಇದ್ದಿದ್ದರೆ ಚಿತ್ರ ಮನೆಯಲ್ಲೇ ಇರುತ್ತಿತ್ತು, ಸಂಜೆ ಗಾಬರಿಯಾದಾಗ ತೆರೆದು ನೋಡಿರುತ್ತಿದ್ದೆ. ಹೊಳೆಗೆ ಅಂತ ಹೇಳುತ್ತಿರಲಿಲ್ಲ. ಒಂಬತ್ತು ಜನ ಇನ್ನೂರು ಹೆಜ್ಜೆ ಹತ್ತುತ್ತಿದ್ದರು.

ಇದನ್ನು ಊರಿನಲ್ಲಿ ಯಾರಿಗೂ ಹೇಳಿಲ್ಲ. ಹೆಯಿಸುಕೆಜ್ಜನಿಗಂತೂ ಹೇಳುವುದಿಲ್ಲ. ದಾರಿ ತಪ್ಪಿದರು ಅಂತಲೇ ಇರಲಿ. ನಿನಗೊಬ್ಬನಿಗೇ ಬರೆದಿದ್ದೇನೆ, ಓದಿ ಸುಟ್ಟುಬಿಡು.

ನೀನು ಹೊಡೆದ ಮೂರು ಏಟಿನ ಲೆಕ್ಕ ಇಟ್ಟುಕೊಳ್ಳಬೇಡ. ಚಿತ್ರ ನಿನ್ನ ಕೈ ಸೇರುವ ಹೊತ್ತಿಗೆ ಎಲ್ಲ ಮುಗಿದು ಒಂಬತ್ತು ದಿನವಾಗಿತ್ತು.

ಎಡೋಗೆ ಬರುವುದಿಲ್ಲ. ಮಗ್ಗದ ಮೇಲೆ ಬಟ್ಟೆ ಅರ್ಧ ಇದೆ, ಅದು ಮುಗಿದ ಮೇಲೂ ಬರುವುದಿಲ್ಲ. ಅತ್ತಿಗೆಗೆ ಬೇಸರಪಡಬೇಡ ಅನ್ನು. ಆ ಹಾಳೆಯನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಬೆರಳಾಡಿಸಿದರೆ ಸವೆಯುತ್ತದೆ, ಮಳೆಗಾಲದ ತೇವಕ್ಕೂ ಚಪ್ಪಟೆಯಾಗುತ್ತದೆ, ಅದು ನಿನಗೂ ಗೊತ್ತು. ಹಾಗಾದಾಗ ಇನ್ನೊಂದು ಒತ್ತಿ ಕಳಿಸಬೇಡ.

ಒತೋಸೆ


ಎಡೋ, ಶಿತಾಯಾ
ಹನ್ನೊಂದನೆಯ ತಿಂಗಳು, ಆರನೆಯ ದಿನ

ಒತೋಸೆ,

ನೀನು ಹೇಳಿದ ಹಾಗೆ ನಿನ್ನ ಕಾಗದ ಸುಟ್ಟೆ. ಇಷ್ಟು ದಿನ ಬರೆಯಲು ಆಗಲಿಲ್ಲ.

ಚಿತ್ರ ಮತ್ತೆ ಅಚ್ಚಿಗೆ ಹೋಗುತ್ತಿದೆ. ಚಳಿ ಬಂತಲ್ಲ, ಜನ ಕೇಳುತ್ತಿದ್ದಾರಂತೆ. ಇವತ್ತು ಬೆಳಿಗ್ಗೆ ಯಜಮಾನ ಒಂದು ಪ್ರತಿ ಹಿಡಿದುಕೊಂಡು ಬಂದ. ಪರೀಕ್ಷಕರನ್ನು ತಾನೇ ನೋಡಿಕೊಳ್ಳುತ್ತಾನಂತೆ.

"ತೋಮೆ, ಈ ಸಲ ಸ್ವಲ್ಪ ಬದಲಾವಣೆ ಇರಲಿ. ಕೆಳಗಡೆ ಬಿಳಿ ಜಾಸ್ತಿ ಆಯ್ತು. ಇಷ್ಟು ಜಾಗ ದಂಡವಾಗಿ ಬಿದ್ದಿದೆಯಲ್ಲ, ಅಲ್ಲೊಂದು ದೋಣಿ ಕೂರಿಸು."

"ಆಗಲ್ಲ" ಅಂದೆ.

"ಯಾಕಾಗಲ್ಲ? ಖಾಲಿ ಇದೆಯಲ್ಲೋ!"

"ಅಲ್ಲಿ ಮನೆ ಇದೆ" ಅಂದೆ.

ಅವನು ಹಾಳೆ ನೋಡಿದ, ನನ್ನ ಮುಖ ನೋಡಿದ. ಬೆಳಿಗ್ಗೆಯೇ ಕುಡಿದಿದ್ದೇನೆ ಅಂದುಕೊಂಡಿರಬೇಕು. ಹಾಳೆ ಸುತ್ತಿಕೊಂಡು ಎದ್ದು ಹೋದ.

ಅಣ್ಣ